36ಕ್ಕೆ ಮತ್ತೆ ಕಾಲೇಜು ಸೇರ್ಬೇಕಾ? ಎಲ್‌ಎಲ್‌ಬಿ ಬಗ್ಗೆ ಮುಂಬೈ-ಪುಣೆಯವ್ರು ದಯವಿಟ್ಟು ಹೇಳಿ

ಡೊಂಬಿವಲಿ ಪೂರ್ವ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ ಅನಿಸಿದ್ದನ್ನು ನೇರ ಹೇಳಿ. ನನಗೀಗ 36. ಊರು ಕಾರ್ಕಳದ ಹತ್ರ, ಮಂಗಳೂರು ಯೂನಿವರ್ಸಿಟಿ ಬಿಕಾಂ, ಮದುವೆಯಾಗಿ ಡೊಂಬಿವಲಿಗೆ ಬಂದದ್ದು. ಅಂಧೇರಿ ಎಂಐಡಿಸಿಯಲ್ಲಿ ಒಂದು ಕಂಪನಿಯ ಅಕೌಂಟ್ಸಲ್ಲಿ ಇದ್ದೇನೆ, ಕೈಗೆ ಸಿಗೋದು 42,000. ಮಗ ಎಂಟನೇ ಕ್ಲಾಸು, ಮನೆ ಸಾಲ ಇನ್ನೂ ಉಂಟು, ಅತ್ತೆ ನಮ್ಮ ಜೊತೆಗೇ ಇದ್ದಾರೆ.

ವಿಷಯ ಶುರುವಾದದ್ದು ನಮ್ಮ ಹೌಸಿಂಗ್ ಸೊಸೈಟಿಯಿಂದ. ಬಿಲ್ಡಿಂಗ್ ಹಳತಾಯ್ತು, ರಿಡೆವಲಪ್‌ಮೆಂಟ್ ಮಾತು ಬಂತು, ಆಗ ನೋಡಿದ್ರೆ ಕನ್ವೇಯನ್ಸೇ ಆಗಿಲ್ಲ, ಅಂದ್ರೆ ಕಾಗದದಲ್ಲಿ ಜಾಗ ಇವತ್ತಿಗೂ ಹಳೇ ಮಾಲೀಕರ ಹೆಸರಲ್ಲೇ ಉಂಟು. ನಾನು ಕಮಿಟಿಯಲ್ಲಿ ಖಜಾಂಚಿ ಆದ್ದರಿಂದ ಫೈಲು ನನ್ನ ಕೈಗೆ ಬಂತು. ರಾತ್ರಿ ಅಡುಗೆ ಮನೆ ಕೆಲಸ ಮುಗಿಸಿ ಹಾಲಲ್ಲಿ ನೆಲದ ಮೇಲೆ ಎಲ್ಲ ಹರಡಿಕೊಂಡು ಕೂತೆ, ಅಗ್ರಿಮೆಂಟು, ಇಂಡೆಕ್ಸ್ ಟೂ (ನೋಂದಣಿಯ ಸಾರಾಂಶ), ಸಾತ್‌ಬಾರಾ ಉತಾರ (ನಮ್ಮೂರ ಪಹಣಿ ಥರದ್ದು), ಓಸಿ (ವಾಸಕ್ಕೆ ಯೋಗ್ಯ ಅನ್ನುವ ಸರ್ಟಿಫಿಕೇಟು). ಅಗ್ರಿಮೆಂಟಲ್ಲಿ ಬರೆದ ಹಿಸ್ಸಾ ನಂಬರೂ ಸಾತ್‌ಬಾರಾದಲ್ಲಿ ಇದ್ದದ್ದೂ ಬೇರೆ ಬೇರೆ. ನಡುವೆ ಒಂದು ಪೋಟ್‌ಹಿಸ್ಸಾ, ಅಂದ್ರೆ ಜಾಗದ ಉಪವಿಭಾಗ ಆಗಿ ಸರ್ವೆ ನಂಬರ್ ಒಡೆದಿತ್ತು, ಅದರ ಫೇರ್‌ಫಾರ್ ಉತಾರ (ಮ್ಯುಟೇಶನ್ ದಾಖಲೆ) ತೆಗೆಸಿದ ಮೇಲೆ ಕೊಂಡಿ ಸಿಕ್ತು. ಜಾಗ ಸೊಸೈಟಿ ಹೆಸರಿಗೆ ಮಾಡಿಸ್ಲಿಕ್ಕೆ ಹಾಕಿದ ಅರ್ಜಿಗೆ ಸಹಕಾರ ಇಲಾಖೆಯ ಡೆಪ್ಯುಟಿ ರಿಜಿಸ್ಟ್ರಾರ್ ಆಫೀಸಲ್ಲಿ ಹಿಯರಿಂಗ್ ದಿನ ಬಿಲ್ಡರ್ ಕಡೆಯವ್ರು ಇದನ್ನೇ ಹಿಡಿದು ಆಕ್ಷೇಪಣೆ ಎತ್ತಿದ್ರು, ನಮ್ಮ ಪರ ಬಂದ ಜೂನಿಯರ್ ವಕೀಲರಿಗೆ ಉತ್ತರ ಗೊತ್ತಿರಲಿಲ್ಲ, ತಾರೀಕು ತಗೊಂಡು ಹೊರಗೆ ಬಂದ್ರು. ಆ ಫೇರ್‌ಫಾರ್ ನನ್ನ ಕೈಲಿದ್ದ ಫೈಲಲ್ಲೇ ಇತ್ತು ಮಾರಾಯ್ರೆ.

ಆವತ್ತಿಂದ ತಲೆಯಲ್ಲಿ ಒಂದೇ, ಎಲ್‌ಎಲ್‌ಬಿ ಮಾಡ್ಬೇಕು. ಗಂಡ ಬೇಡ ಅನ್ಲಿಲ್ಲ, "ಯೋಚನೆ ಮಾಡಿ ಹೇಳು" ಅಂದ್ರು. ಆಫೀಸಲ್ಲಿ ಹೇಳೋದು ಆನ್‌ಲೈನ್ ಎಂಬಿಎ ಮಾಡಿ, ಮ್ಯಾನೇಜರ್ ಆಗ್ಲಿಕ್ಕೆ ಅನುಕೂಲ ಅಂತ. ನನ್ನ ಅಕ್ಕ ಹೇಳೋದು ಈ ವಯಸ್ಸಲ್ಲಿ ಮಗನ ಹತ್ತನೇ ಕ್ಲಾಸ್ ನೋಡಿಕೋ ಅಂತ. ಮೂರೂ ಸುಳ್ಳಲ್ಲ ಅನಿಸ್ತದೆ, ಅದೇ ಕಷ್ಟ. ನಿಮ್ಮಲ್ಲಿ ಯಾರಾದ್ರೂ ಕೆಲಸ, ಸಂಸಾರ ಇಟ್ಟುಕೊಂಡು ಮತ್ತೆ ಡಿಗ್ರಿಗೆ ಹೋದವ್ರು ಇದ್ರೆ ಹೇಳಿ.

ನೆರುಳ್ ಸೆಕ್ಟರ್‌ನಿಂದ:
ಮೇಡಂ, ನಾನು ಎಚ್‌ಆರ್‌ನಲ್ಲಿದ್ದೀನಿ, ಲೆಕ್ಕದಿಂದ್ಲೇ ಶುರು ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ. ಎಲ್ಲರೂ ಫೀಸ್ ಎಷ್ಟು ಅಂತ ಕೇಳ್ತಾರೆ, ಆದ್ರೆ ಫೀಸ್ ಸಣ್ಣ ಖರ್ಚು. 42,000 ಸಂಬಳ ಮೂರು ವರ್ಷ ಬಿಟ್ರೆ 15 ಲಕ್ಷ 12 ಸಾವಿರ, ಪಿಎಫ್ ಸೇರಿಸಿಲ್ಲ ಇನ್ನೂ. ಅದಾದ ಮೇಲೆ 39ನೇ ವಯಸ್ಸಲ್ಲಿ ಜೂನಿಯರ್ ಅಂತ ಯಾರದೋ ಚೇಂಬರಲ್ಲಿ ಕೂರಬೇಕು. ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರ ಅಕ್ಟೋಬರಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಆದ್ರೂ ಕೊಡಿ ಅಂತ ಸುತ್ತೋಲೆ ಹೊರಡಿಸಿತು, ಆದ್ರೆ ಅದು ಸಲಹೆ ಅಷ್ಟೇ, ಕೊಡಲೇಬೇಕು ಅಂತ ಏನಿಲ್ಲ. ಅಂದ್ರೆ ಕೊಟ್ರೂ ಈಗಿನ ಸಂಬಳದ ಅರ್ಧ.

ಇಂಟರ್‌ವ್ಯೂಗೆ ಬರೋ ಎಷ್ಟೋ ಜನರನ್ನ ನೋಡ್ತೀನಿ, ಕೆಲಸದಲ್ಲಿ ಬೇಸರ ಬಂದಾಗ ಡಿಗ್ರಿಗೆ ಸೇರಿರ್ತಾರೆ, ಡಿಗ್ರಿ ಮುಗಿದ್ರೂ ಬೇಸರ ಹೋಗಿರಲ್ಲ. ನಿಮ್ಮದು ಹಾಗೆ ಅಂತ ಹೇಳ್ತಿಲ್ಲ. ಅಂಧೇರಿ ಕೆಲಸ, ದಿನಾ ಆ ಲೋಕಲ್ ಪ್ರಯಾಣ, ಅದರಿಂದ ಬಿಡುಗಡೆ ಬೇಕಿದ್ರೆ ಥಾಣೆಯಲ್ಲೋ ಕಲ್ಯಾಣದಲ್ಲೋ ಬೇರೆ ಕೆಲಸ ಹುಡುಕೋದು ಸುಲಭ. ಕೆಲಸದ ಬೇಸರ ಎಷ್ಟು, ಓದುವ ಆಸೆ ಎಷ್ಟು ಅಂತ ಮೊದಲು ಬೇರೆ ಮಾಡಿ ನೋಡಿ.

ವಾಸ್ಕೋದಿಂದ:
ಅಕ್ಕಾರ, ನಾ ಬಾಗಲಕೋಟಿಯಂವ, ಇಲ್ಲಿ ಗೋವಾದ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟ್‌ನಾಗ ಕೆಲಸ. ಎಂಬಿಎ ಬಗ್ಗೆ ಮಾತ್ರ ಹೇಳತೀನಿ, ಕಾನೂನು ನನಗ ಗೊತ್ತಿಲ್ಲ. ನಾನು ಡ್ಯೂಟಿ ಮಾಡಕೋತನ ದೂರಶಿಕ್ಷಣದಾಗ ಎಂಬಿಎ ಮುಗಿಸೀನಿ. ಓದಿದ್ದು ಛಲೋನ ಆತು, ಬ್ಯಾಲೆನ್ಸ್ ಶೀಟ್ ತಿಳೀತು, ಇಂಗ್ಲಿಷ್‌ನಾಗ ರಿಪೋರ್ಟ್ ಬರಿಯೂದು ಬಂತು, ಆದ್ರ ಕಂಪನಿಯೊಳಗ ನನ್ನ ಜಾಗಾ ಏನೂ ಬದಲಾಗಲಿಲ್ಲ, ಯಾಕಂದ್ರ ನಮ್ಮ ಕಡೆ ಮ್ಯಾನೇಜರ್ ಆಗಾಕ ಎಂಬಿಎ ಬೇಕು ಅಂತ ಯಾರೂ ಬರದ ಕೊಟ್ಟಿದ್ದಿಲ್ಲ, ಬಾಯಿ ಮಾತಿನ್ಯಾಗ ಹೇಳಿದ್ದು ಅಷ್ಟ. ನಿಮ್ಮ ಆಫೀಸಿನವ್ರು ಎಂಬಿಎ ಮಾಡ್ರಿ ಅಂದ್ರ, ಮಾಡಿದ ಮ್ಯಾಲೆ ಯಾವ ಹುದ್ದೆ, ಎಷ್ಟು ಪಗಾರ ಅಂತ ಈಗ ಕೇಳ್ರಿ. ಉತ್ತರ ಬರಲಿಲ್ಲ ಅಂದ್ರ ಅದೂ ಒಂದು ಉತ್ತರನ.

ಇನ್ನೊಂದು. ಆನ್‌ಲೈನ್ ಅಥವಾ ದೂರಶಿಕ್ಷಣ ಅಂದ್ರ ಯುಜಿಸಿಯ ಡಿಸ್ಟನ್ಸ್ ಎಜುಕೇಶನ್ ಬ್ಯೂರೋ ವೆಬ್‌ಸೈಟಿನ್ಯಾಗ ಆ ಯೂನಿವರ್ಸಿಟಿಗೆ, ಆ ಕೋರ್ಸಿಗೆ, ಆ ವರ್ಷಕ್ಕ ಅನುಮತಿ ಐತೋ ಇಲ್ಲೋ ನೋಡಕೊಂಡ ಫೀಸ್ ಕಟ್ಟಬೇಕು. ಮೂರೂ ಹೊಂದಬೇಕು. ಅನುಮತಿ ಇದ್ದ ಡಿಗ್ರಿ ಕಾಲೇಜಿಗೆ ಹೋಗಿ ಮಾಡಿದ ಡಿಗ್ರಿಗೆ ಸಮ ಅಂತ ಯುಜಿಸಿನ ಹೇಳೈತಿ, ಹಂಗಾಗಿ ಅದನ್ನ ಕೀಳಾಗಿ ನೋಡಬ್ಯಾಡ್ರಿ. ಫೋನ್ ಮಾಡಿ ಮಾಡಿ "ಇವತ್ತ ಲಾಸ್ಟ್ ಡೇಟ್" ಅಂತ ಬೆನ್ನ ಹತ್ತೋ ಏಜೆಂಟರ ಮಾತು ಮಾತ್ರ ಕೇಳಬ್ಯಾಡ್ರಿ.

ಪುಣೆ ಶಿವಾಜಿನಗರದಿಂದ:
ನಾನು ಧಾರವಾಡದಾಂವ, ಇಲ್ಲಿ ಶಿವಾಜಿನಗರ ಜಿಲ್ಲಾ ಕೋರ್ಟಿನ್ಯಾಗ ವಕೀಲಿ ಮಾಡತೀನಿ. ಅಕ್ಕಾರ ಬರದಿದ್ದು ಓದಿ ಖರೇನ ಖುಷಿ ಆತು, ಫೇರ್‌ಫಾರ್ ಹುಡುಕಿ ಸರ್ವೆ ನಂಬರಿನ ಕೊಂಡಿ ಹಿಡಿಯೂದು ನಮ್ಮ ಕಡೆ ಜೂನಿಯರ್‌ಗಳಿಗೆ ಕಲಸಾಕ ಭಾಳ ದಿನ ಬೇಕು. ಈಗ ಒಂದೊಂದ ಹೇಳತೀನಿ.

ಎಲ್‌ಎಲ್‌ಬಿಗೆ ಅಡ್ಡದಾರಿ ಇಲ್ಲ. ದೂರಶಿಕ್ಷಣದಾಗಾಗಲಿ ಆನ್‌ಲೈನಾಗಲಿ ಮಾಡಾಕ ಬರೂದಿಲ್ಲ, ಯಾರರೆ ಮಾಡಿಕೊಡತೀನಿ ಅಂದ್ರ ಆ ಸರ್ಟಿಫಿಕೇಟ್ ತಗೊಂಡು ಸನದು, ಅಂದ್ರ ವಕೀಲಿ ಮಾಡೂ ಪರವಾನಿಗಿ, ಸಿಗೂದಿಲ್ಲ. ಡಿಗ್ರಿ ಆದವರಿಗೆ ಮೂರು ವರ್ಷ, ಆರು ಸೆಮಿಸ್ಟರ್. ಡಿಗ್ರಿಯೊಳಗ ಜನರಲ್‌ನವರಿಗೆ 45 ಪರ್ಸೆಂಟ್ ಇರಬೇಕು. ವಯಸ್ಸಿನ ಮಿತಿ ಇಲ್ಲ, 36 ಅಂತ ಅಂಜೂದು ಬ್ಯಾಡ. ಮಹಾರಾಷ್ಟ್ರದಾಗ ಸಿಇಟಿ ಬರೀಬೇಕು, ಆಬ್ಜೆಕ್ಟಿವ್ ಪ್ರಶ್ನೆ, ತಪ್ಪಿಗೆ ಮಾರ್ಕ್ಸ್ ಕಡಿಯೂದಿಲ್ಲ. ನಿಮ್ಮಂಥವರಿಗೆ ಪರೀಕ್ಷಾ ಕಷ್ಟ ಅಲ್ಲ, ಹಾಜರಿ ಕಷ್ಟ.

ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಪ್ರತಿ ವಿಷಯಕ್ಕ 70 ಪರ್ಸೆಂಟ್ ಹಾಜರಿ. 2024ರ ಸಪ್ಟೆಂಬರ್ ಸುತ್ತೋಲೆ ಬಂದ ಮ್ಯಾಲೆ ವಿದ್ಯಾರ್ಥಿ ಎಲ್ಲೆರೆ ನೌಕರಿ ಮಾಡತಿದ್ರ ಅದನ್ನ ಬರದು ಕೊಡಬೇಕು, ಮಾಲಕರ ಕಡೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಬಯೋಮೆಟ್ರಿಕ್ ಹಾಜರಿ ಇಡಬೇಕು ಅಂತ ಕಾಲೇಜುಗಳಿಗೆ ಹೇಳ್ಯಾರ. ಮೊದಲಿನಂಗ ಹೆಸರು ಹಚ್ಚಿ ಪರೀಕ್ಷಾಕ್ಕ ಬಂದು ಹೋಗೂ ಲೆಕ್ಕ ಹಾಕಬ್ಯಾಡ್ರಿ. ಯುಜಿಸಿ 2022ರಾಗ ಎರಡು ಡಿಗ್ರಿ ಒಟ್ಟಿಗೆ ಮಾಡಬಹುದು ಅಂದೈತಿ ಖರೆ, ಆದ್ರ ಎಲ್‌ಎಲ್‌ಬಿ ಜೋಡಿ ಇನ್ನೊಂದು ರೆಗ್ಯುಲರ್ ಡಿಗ್ರಿ ಬಾರ್ ಕೌನ್ಸಿಲ್ ಒಪ್ಪೂದಿಲ್ಲ, ರೆಗ್ಯುಲರ್ ಎಂಬಿಎ ಮತ್ತು ಇದು ಎರಡೂ ಮಾಡತೀನಿ ಅನ್ನೂ ವಿಚಾರ ಇದ್ರ ಬಿಟ್ಟ ಬಿಡ್ರಿ.

ಅಂಧೇರಿ ನೌಕರಿ ಇಟಗೊಂಡು ಇದು ಆಗೂದಿಲ್ಲ. ಮುಂಬೈದಾಗ ಮುಂಜಾನೆ ಕ್ಲಾಸ್ ನಡಸೂ ಕಾಲೇಜು ಅದಾವ, ಚರ್ಚ್‌ಗೇಟಿನ ಗವರ್ನಮೆಂಟ್ ಲಾ ಕಾಲೇಜ್ 1855ರದು, ಬಾಬಾಸಾಹೇಬರು 1935ರಾಗ ಅಲ್ಲೇ ಪ್ರಿನ್ಸಿಪಾಲ್ ಆದವ್ರು, ಅಲ್ಲಿ ಸೀಟ್ ಸಿಕ್ರ ಸರಕಾರಿ ಫೀಸು, ಆದ್ರ ಕಟಾಫ್ ಭಾಳ ಮ್ಯಾಲಿರತದ. ಡೊಂಬಿವಲಿಯಿಂದ ಮುಂಜಾನೆ ಕ್ಲಾಸಿಗೆ ಅಲ್ಲಿ ಮುಟ್ಟಬೇಕಂದ್ರ ಎಷ್ಟಕ್ಕ ಏಳಬೇಕು ಅಂತ ನಿಮಗ ಗೊತ್ತದ. ಕಲ್ಯಾಣ, ಥಾಣೆ, ಉಲ್ಲಾಸನಗರದ ಕಡೆ ನೋಡ್ರಿ.

ಮುಗಿಸಿದ ಮ್ಯಾಲೆ ಬಾರ್ ಕೌನ್ಸಿಲ್‌ನಾಗ ಹೆಸರು ಹಚ್ಚಬೇಕು, ಆಲ್ ಇಂಡಿಯಾ ಬಾರ್ ಎಕ್ಸಾಮ್ ಪಾಸಾಗಬೇಕು. ಹೆಸರು ಹಚ್ಚೂ ಫೀಸು ರಾಜ್ಯಕ್ಕೊಂದು ಥರ ವಸೂಲಿ ಮಾಡತಿದ್ರು, 2024ರ ಜುಲೈ 30ಕ್ಕ ಸುಪ್ರೀಂ ಕೋರ್ಟ್ 750 ರೂಪಾಯಿಗಿಂತ ಹೆಚ್ಚಿಗೆ ತಗೊಳ್ಳೂ ಹಂಗಿಲ್ಲ ಅಂದದ, ಎಸ್‌ಸಿ, ಎಸ್‌ಟಿಯವರಿಗೆ 125. ಸನದು ಬಂದ ಮ್ಯಾಲೆ ಪೂರ್ಣಾವಧಿ ಪಗಾರದ ನೌಕರಿ ಮಾಡಾಕ ಬರೂದಿಲ್ಲ, ಬಾರ್ ಕೌನ್ಸಿಲ್‌ನ ನಿಯಮ 49. ಒಂದ ಕಡೆ ನಿಲ್ಲಬೇಕು.

ಕೋರ್ಟಿನ ಭಾಷಾ ಇಲ್ಲಿ ಮರಾಠಿ. ಸಾತ್‌ಬಾರಾ ಓದತೀರಿ ಅಂದ್ರ ಅರ್ಧ ಕೆಲಸ ಆದಂಗ.

ಕೊನೀಗೆ, ಆಫೀಸಿಗೆ ಒಂದೆರಡು ದಿನ ರಜಾ ಹಾಕಿ ಕಲ್ಯಾಣ ಕೋರ್ಟಿಗೆ ಹೋಗಿ ಕುಂದರ್ರಿ. ಯಾರೂ ಹೊರಗ ಹಾಕೂದಿಲ್ಲ. ದೊಡ್ಡ ವಾದ ನಡಿಯೂದು ನೋಡಾಕ ಹೋಗಬ್ಯಾಡ್ರಿ, ಮುಂಜಾನಿಂದ ಕಾದು ಕಡೀಕ ತಾರೀಕು ತಗೊಂಡು ಹೋಗೂ ಮಂದೀನ ನೋಡ್ರಿ. ಅಷ್ಟಾದ ಮ್ಯಾಲೂ ಬೇಕು ಅನಿಸಿದ್ರ ಮುಂದ ಮಾತಾಡೂಣು.

ಮುಲುಂಡ್‌ನಿಂದ:
ಎಲ್ಲರೂ ಡಿಗ್ರಿ ಡಿಗ್ರಿ ಅಂತಿದ್ದೀರಲ್ಲ, ಜಿಡಿಸಿಎ ಯಾರೂ ಹೇಳಲೇ ಇಲ್ಲ! ಮೇಡಂ, ಗವರ್ನಮೆಂಟ್ ಡಿಪ್ಲೊಮಾ ಇನ್ ಕೋ-ಆಪರೇಶನ್ ಅಂಡ್ ಅಕೌಂಟೆನ್ಸಿ, ಮಹಾರಾಷ್ಟ್ರ ಸರ್ಕಾರದ ಸಹಕಾರ ಇಲಾಖೆ ವರ್ಷಕ್ಕೊಂದು ಸಲ ನಡೆಸೋ ಪರೀಕ್ಷೆ, ಆರು ಪೇಪರ್, ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಬರೀಬಹುದು, ಕ್ಲಾಸಿಗೆ ಹೋಗಲೇಬೇಕು ಅಂತಿಲ್ಲ, ಕೆಲಸ ಬಿಡೋದು ಬೇಡ. ಡಿಗ್ರಿ ಜೊತೆ ಅದು ಇದ್ದು, ಅನುಭವ, ಮರಾಠಿ ಜ್ಞಾನ ಎಲ್ಲ ಸೇರಿದ್ರೆ ಸೊಸೈಟಿಗಳ ಸರ್ಟಿಫೈಡ್ ಆಡಿಟರ್ ಪ್ಯಾನೆಲ್‌ಗೆ ಹೋಗಬಹುದು. ನಾನು ಅದೇ ಕೆಲಸ ಮಾಡ್ತಿರೋದು. ಮುಂಬೈ, ಥಾಣೆ ಕಡೆ ಸೊಸೈಟಿಗಳಿಗೆ ಬರ ಇಲ್ಲ, ಪ್ರತಿ ಸೊಸೈಟಿಗೂ ವರ್ಷಾ ವರ್ಷ ಆಡಿಟ್ ಆಗಲೇಬೇಕು.

ನಿಮಗಿರೋದು ಬಿಕಾಂ, ಅಕೌಂಟ್ಸ್ ಅನುಭವ, ಕಮಿಟಿ ಅನುಭವ. ಇದಕ್ಕಿಂತ ಹತ್ತಿರದ ದಾರಿ ಇಲ್ಲ. ಡೀಮ್ಡ್ ಕನ್ವೇಯನ್ಸ್ ಅರ್ಜಿ, ಅಂದ್ರೆ ಬಿಲ್ಡರ್ ಮಾಡಿಕೊಡದ ಕನ್ವೇಯನ್ಸನ್ನ ಅಧಿಕಾರಿ ಮೂಲಕ ಮಾಡಿಸ್ಕೊಳ್ಳೋ ಅರ್ಜಿ, ಸೊಸೈಟಿಯೇ ಖುದ್ದು ಹಾಕ್ಬಹುದು, ವಕೀಲರು ಇರಲೇಬೇಕು ಅಂತ ಕಾನೂನಲ್ಲಿ ಎಲ್ಲೂ ಇಲ್ಲ. 1963ರ ಮೋಫಾ ಅನ್ನೋ ಮಹಾರಾಷ್ಟ್ರದ ಫ್ಲ್ಯಾಟ್ ಕಾಯ್ದೆಯಡಿ ಸೊಸೈಟಿ ರಿಜಿಸ್ಟರ್ ಆದ ನಾಲ್ಕು ತಿಂಗಳಲ್ಲಿ ಬಿಲ್ಡರ್ ಕನ್ವೇಯನ್ಸ್ ಮಾಡಿಕೊಡಬೇಕು, ಮಾಡಿಲ್ಲ, ಅದಕ್ಕೇ ತಾನೇ ಡೆಪ್ಯುಟಿ ರಿಜಿಸ್ಟ್ರಾರ್ ಹತ್ರ ಹೋಗೋದು. ಕೈಲಿ ಕಾಗದ ಇದ್ದಾಗ ಕಮಿಟಿ ಸದಸ್ಯೆಯಾಗಿ ನೀವೇ ಎದ್ದು ಮಾತಾಡಬಹುದಿತ್ತು. ಮುಂದಿನ ತಾರೀಕಿಗೆ ಕಮಿಟಿ ಠರಾವು ಮಾಡಿಸ್ಕೊಂಡು ಹೋಗಿ ಮಾತಾಡಿ. ಮೂರು ವರ್ಷ ಕಾಯೋದು ಯಾಕೆ?

ಡೊಂಬಿವಲಿ ಪೂರ್ವ:
ಎಲ್ರಿಗೂ ತುಂಬ ಥ್ಯಾಂಕ್ಸ್. ಮುಲುಂಡ್‌ನವ್ರು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ, ಠರಾವಿನ ವಿಷಯ ಕಮಿಟಿಯಲ್ಲಿ ಇವತ್ತೇ ಎತ್ತಿದೆ, ಸೆಕ್ರೆಟರಿ ಒಪ್ಪಿದ್ರು. ಆಫೀಸಲ್ಲಿ ಎಂಬಿಎ ಮಾಡಿದ ಮೇಲೆ ಯಾವ ಹುದ್ದೆ ಅಂತ ಕೇಳಿಯೂ ಆಯ್ತು, ವಾಸ್ಕೋದ ತಮ್ಮ ಹೇಳಿದ ಹಾಗೇ, "ನೋಡುವ" ಅಂದ್ರು. ಆ ಚಾಪ್ಟರ್ ಮುಚ್ಚಿದೆ.

ನೆರುಳ್‌ನವರ 15 ಲಕ್ಷ ಓದಿದ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ, ಆದ್ರೆ ಅದು ಬೇಕಿತ್ತು. ಈಗ ಪ್ರಶ್ನೆ ಸ್ವಲ್ಪ ಬದಲಾಗಿದೆ. ನಮ್ಮ ಸೊಸೈಟಿ ಕೆಲಸ ಎಲ್‌ಎಲ್‌ಬಿ ಇಲ್ಲದೆಯೂ ಆಗ್ತದೆ ಅಂತಾದ್ರೆ, ನನಗೆ ಎಲ್‌ಎಲ್‌ಬಿ ಬೇಕಾದದ್ದು ಯಾಕೆ? ಓದುವ ಆಸೆಗಾ? ಆಸೆಗೆ ಮಾತ್ರ ಅಂತಾದ್ರೆ ಮನೆಯವರ 15 ಲಕ್ಷ ಅದಕ್ಕೆ ಹಾಕುವ ಹಕ್ಕು ನನಗೆ ಉಂಟಾ?

ಮಾಟುಂಗಾದಿಂದ:
ತಂಗಿ, ನಾನು ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಕಲೀನಾ ಕ್ಯಾಂಪಸ್ಸಿನ ಕನ್ನಡ ವಿಭಾಗದಲ್ಲಿ ಎಂಎ ಮಾಡಿದವನು. ಆಸೆಗೇ ಮಾಡಿದ್ದು. ನನ್ನ ಪಕ್ಕದಲ್ಲಿ ಕೂತವರಲ್ಲಿ ಹೋಟೆಲಲ್ಲಿ ದುಡಿಯುತ್ತಾ ರಾತ್ರಿ ಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ ಮೇಲೆ ಬಂದವರಿದ್ರು, ಶಾಲೆ ಟೀಚರುಗಳಿದ್ರು, ಮೊಮ್ಮಕ್ಕಳನ್ನು ಮನೇಲಿ ಬಿಟ್ಟು ಬರುವ ಹೆಂಗಸರೂ ಇದ್ರು. ಯಾರಿಗೂ ಅದರಿಂದ ಸಂಬಳ ಏರಬೇಕಿರಲಿಲ್ಲ. ಹಳಗನ್ನಡದ ಒಂದು ಪದ್ಯವನ್ನು ಮೇಷ್ಟ್ರು ಬಿಡಿಸಿ ಹೇಳಿ ಮುಗಿಸಿದಾಗ ಕ್ಲಾಸಿನಿಂದ ಏಳಲಿಕ್ಕೆ ಮನಸ್ಸಾಗ್ತಿರಲಿಲ್ಲ ನಮಗೆ. ಆಸೆಗೆ ಓದುವುದು ಸಣ್ಣದು ಅಂತ ಮಾತ್ರ ತಿಳಿಯಬೇಡ.

ಬೇಂದ್ರೆಯವರು ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಬಿಎ ಮುಗಿಸಿದ್ದು 1918ರಲ್ಲಿ, ಎಂಎ ಮಾಡಿದ್ದು 1935ರಲ್ಲಿ. ಆ ಹೊತ್ತಿಗೆ ಅವರಿಗೆ ಸುಮಾರು 39. ಆ ಎಂಎ ಆದ ಮೇಲೆಯೇ ಮುಂದೆ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದದ್ದು.

ಆದರೆ ನಾನು ಓದಿದ್ದು ಮಕ್ಕಳು ನೆಲೆಯಾಗಿ, ಸಾಲ ತೀರಿದ ಮೇಲೆ. ನಿನ್ನದು ಹಾಗಲ್ಲ. ಆಸೆಗೆ ಅಂತಾದ್ರೆ ಈ ಸಾಲ ಇರುವಾಗ ಬೇಡ, ಕಾಯಬಹುದು. ವೃತ್ತಿಗೆ ಅಂತಾದ್ರೆ ಕಾಯಬಾರದು, ವಕೀಲಿಯಲ್ಲಿ ಹೆಸರು ಬರಲಿಕ್ಕೆ ವರ್ಷಗಳು ಬೇಕು, ತಡ ಮಾಡಿದಷ್ಟೂ ನಷ್ಟ. ಯಾವುದು ಅಂತ ನೀನೇ ತೀರ್ಮಾನಿಸಬೇಕು.

ಥಾಣೆ ಪಶ್ಚಿಮದಿಂದ:
ಅಕ್ಕ, ನಾನು ಮಗಳು ಐದನೇ ಕ್ಲಾಸಲ್ಲಿದ್ದಾಗ ಬಿಎಡ್ ಮಾಡಿದೆ. ಒಂದೇ ಮಾತು, ಗಂಡ ಒಪ್ಪಿದ್ರು ಅನ್ನೋದು ಸಾಲಲ್ಲ. ಯಾರು ಬೆಳಗ್ಗೆ ಡಬ್ಬಿ ಕಟ್ತಾರೆ, ಅತ್ತೆನ ಡಾಕ್ಟರ್ ಹತ್ರ ಯಾರು ಕರ್ಕೊಂಡು ಹೋಗ್ತಾರೆ, ಸೆಮಿಸ್ಟರ್ ಪರೀಕ್ಷೆ ಮತ್ತೆ ಮಗನ ಪರೀಕ್ಷೆ ಒಟ್ಟಿಗೆ ಬಂದ್ರೆ ಯಾರು ರಜೆ ಹಾಕ್ತಾರೆ, ಇದೆಲ್ಲ ಈಗ್ಲೇ ಕೂತು ಮಾತಾಡಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ನಮ್ಮ ಮನೇಲಿ ಮೊದಲ ತಿಂಗಳು ಎಲ್ಲರಿಗೂ ಉತ್ಸಾಹ ಇತ್ತು, ಮೂರನೇ ತಿಂಗಳಿಗೆ ಎಲ್ಲ ಕೆಲಸ ವಾಪಸ್ ನನ್ನ ತಲೆ ಮೇಲೆ ಬಂತು, ಆಮೇಲೆ ಮತ್ತೆ ಕೂತು ಮಾತಾಡಿ ಸರಿ ಮಾಡ್ಕೊಂಡ್ವಿ. ಮಗ ಹತ್ತನೇ ಕ್ಲಾಸಲ್ಲಿರುವಾಗ ಅಮ್ಮನೂ ಪುಸ್ತಕ ಹಿಡಿದು ಕೂತ್ರೆ ಅವನಿಗೆ ಕೆಟ್ಟದಾಗುತ್ತೆ ಅಂತ ನನಗನಿಸಲ್ಲ.

ಪುಣೆ ಶಿವಾಜಿನಗರದಿಂದ:
ಕಾಗದ ಪತ್ರ ಒಂದ ಮರತಿದ್ದೆ. ನಿಮ್ಮ ಡಿಗ್ರಿ ಕರ್ನಾಟಕದ್ದು, ಹಂಗಾಗಿ ಮಂಗಳೂರಿನಿಂದ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು, ಇಲ್ಲಿ ಯೂನಿವರ್ಸಿಟಿಯೊಳಗ ಎಲಿಜಿಬಿಲಿಟಿ ಮಾಡಿಸಬೇಕು. ಡೊಮಿಸೈಲ್, ಅಂದ್ರ ಈ ರಾಜ್ಯದ ನಿವಾಸಿ ಅನ್ನೂ ಸರ್ಟಿಫಿಕೇಟಿಗೆ, ಮಹಾರಾಷ್ಟ್ರದಾಗ 15 ವರ್ಷದ ವಾಸ ತೋರಿಸಬೇಕು, ರೇಷನ್ ಕಾರ್ಡು, ಲೈಟ್ ಬಿಲ್ಲು ಈಗಿಂದ ಕೂಡಿಸಿ ಇಡ್ರಿ. ಜಾತಿ ಸರ್ಟಿಫಿಕೇಟ್ ಕರ್ನಾಟಕದ್ದು ಇಲ್ಲಿ ಮೀಸಲಾತಿಗೆ ನಡಿಯೂದಿಲ್ಲ, ಒಬಿಸಿ ಅಂದ್ರ 1967ರ ಅಕ್ಟೋಬರ್ 13ಕ್ಕಿಂತ ಮೊದಲ ನಿಮ್ಮ ಮನೆತನ ಇಲ್ಲಿತ್ತು ಅಂತ ದಾಖಲೆ ಕೇಳತಾರ. ನಮ್ಮ ಕನ್ನಡ ಮಂದಿ ಫಾರ್ಮ್ ತುಂಬಿದ ಮ್ಯಾಲೆ ಒದ್ದಾಡೂದು ಇಲ್ಲೇ.

ಡೊಂಬಿವಲಿ ಪೂರ್ವ:
ಬರೀಲಿಕ್ಕೆ ತಡ ಆಯ್ತು. ಎರಡು ಸಂಗತಿ ಆಯ್ತು ನಡುವೆ.

ಒಂದು, ನಮ್ಮ ಹಿಯರಿಂಗ್. ಠರಾವು ಹಿಡಿದುಕೊಂಡು ನಾನೇ ಮಾತಾಡಿದೆ. ಸರ್ವೆ ನಂಬರ್ ಒಡೆದದ್ದು ಯಾವ ಫೇರ್‌ಫಾರ್‌ನಲ್ಲಿ, ಅಗ್ರಿಮೆಂಟ್ ಅದಕ್ಕಿಂತ ಮೊದಲಿನದ್ದು ಹೇಗೆ, ಎರಡೂ ಒಂದೇ ಜಾಗ ಯಾಕೆ, ಅಷ್ಟೇ ಹೇಳಿದ್ದು, ಮರಾಠಿಯಲ್ಲಿ. ಸಾಹೇಬರು ಕಾಗದ ಕೈಗೆ ತಗೊಂಡು ನೋಡಿ ಫೈಲಿಗೆ ಸೇರಿಸಿದ್ರು. ಆರ್ಡರ್ ಇನ್ನೂ ಬಂದಿಲ್ಲ.

ಎರಡು, ಕಲ್ಯಾಣ ಕೋರ್ಟಲ್ಲಿ ಹೋಗಿ ಕೂತೆ. ಪುಣೆಯ ಸರ್ ಹೇಳಿದ್ದು ಸತ್ಯ, ಹೆಚ್ಚಿನವರಿಗೆ ಸಿಕ್ಕಿದ್ದು ತಾರೀಕೇ. ಒಬ್ಬ ಅಜ್ಜಿ, ನಮ್ಮ ಕಡೆಯವರೇ, ಮನೆ ಜಾಗದ ಕೇಸಂತೆ, ಮರಾಠಿ ಓದ್ಲಿಕ್ಕೆ ಬರುವುದಿಲ್ಲ, ಮಗ ಡ್ಯೂಟಿಗೆ ಹೋಗಿದ್ದಾನೆ. ಅವರ ವಕೀಲರು ಬೇರೆ ಕೋರ್ಟ್ ರೂಮಲ್ಲಿದ್ರು. ಅಜ್ಜಿ ಕೈಲಿದ್ದ ನೋಟೀಸನ್ನು ನಾನು ಓದಿ ತುಳುವಲ್ಲಿ ಹೇಳಿದೆ. ಮುಂದೆ ಏನು ಮಾಡ್ಬೇಕು ಅಂತ ಕೇಳಿದ್ರು. ಅಲ್ಲಿಂದ ಮುಂದೆ ಹೇಳುವ ಅಧಿಕಾರ ನನಗಿಲ್ಲ. ಸೊಸೈಟಿ ಸದಸ್ಯೆಯಾಗಿ ನನ್ನ ಸೊಸೈಟಿಗೆ ಮಾತಾಡಬಹುದು, ಅವರಿಗಾಗಿ ನಿಲ್ಲಬೇಕಾದ್ರೆ ಸನದು ಬೇಕು. ನನಗೆ ಬೇಕಾದದ್ದು ಅದು. ಆಡಿಟ್ ಒಳ್ಳೆ ಕೆಲಸ, ಆದ್ರೆ ಲೆಕ್ಕ ನಾನು ಈಗಲೂ ನೋಡ್ತಾ ಇದ್ದೇನೆ.

ಹಾಗಾಗಿ ಸಿಇಟಿ ಬರೀತೇನೆ. ಡೊಂಬಿವಲಿಯಲ್ಲೇ ಒಬ್ಬರು ಸಿಎ ಹತ್ರ ಮಧ್ಯಾಹ್ನ ಮೇಲೆ ಪಾರ್ಟ್‌ಟೈಮ್ ಕೆಲಸ ಮಾತಾಡಿದ್ದೇನೆ, ಈಗಿನ ಸಂಬಳದ ಅರ್ಧಕ್ಕಿಂತ ಸ್ವಲ್ಪ ಕಮ್ಮಿ, ಎನ್‌ಒಸಿ ಕೊಡ್ಲಿಕ್ಕೂ ಒಪ್ಪಿದ್ದಾರೆ. ಲೋಕಲ್ ಪಾಸು, ಹೊರಗಿನ ಊಟ ಉಳೀತದೆ. ಮನೆ ಸಾಲದ ಕಂತು ಗಂಡನ ಸಂಬಳದಿಂದ, ಫೀಸಿಗೆ ನನ್ನ ಎಫ್‌ಡಿ. ಕಲ್ಯಾಣ, ಥಾಣೆ ಕಡೆ ಬೆಳಗ್ಗೆ ಕ್ಲಾಸಿರುವ ಕಾಲೇಜಲ್ಲಿ ಸೀಟು ಸಿಕ್ಕಿದ್ರೆ ಮಾತ್ರ, ಇಲ್ಲದಿದ್ರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಮತ್ತೆ ಬರೀತೇನೆ. ಅಕ್ಕನಿಗೆ ಇನ್ನೂ ಸಮಾಧಾನ ಇಲ್ಲ.

ನೆರುಳ್ ಸೆಕ್ಟರ್‌ನಿಂದ:
ನನಗೂ ಪೂರ್ತಿ ಸಮಾಧಾನ ಇಲ್ಲ ಮೇಡಂ, ಮೊದಲ ಎರಡು ಮೂರು ವರ್ಷದ ಪ್ರಾಕ್ಟೀಸ್ ಆದಾಯ ಸೊನ್ನೆ ಅಂತ್ಲೇ ಹಿಡಿದು ಲೆಕ್ಕ ಹಾಕಿ. ಆರು ತಿಂಗಳ ಮನೆ ಖರ್ಚು ಬೇರೆ ತೆಗೆದಿಟ್ಟ ಮೇಲೇ ರಾಜೀನಾಮೆ ಕೊಡಿ. ಎಫ್‌ಡಿ ಮುರಿಯೋ ಬದಲು ಎಜುಕೇಶನ್ ಲೋನ್ ತಗೊಂಡ್ರೆ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಎಂಟು ವರ್ಷ ವಿನಾಯಿತಿ ಸಿಗುತ್ತೆ, ಹಳೇ ತೆರಿಗೆ ಪದ್ಧತಿಯಲ್ಲಿದ್ರೆ ಮಾತ್ರ, ಆದ್ರೆ ಆದಾಯ ಕಮ್ಮಿ ಆಗೋದ್ರಿಂದ ನಿಮಗೆ ಅದರ ಲಾಭ ಹೆಚ್ಚಿಲ್ಲ.

ಡೊಂಬಿವಲಿ ಪೂರ್ವ:
ಸರಿ ಸರ್, ಆರು ತಿಂಗಳದ್ದು ಬರೆದಿಟ್ಟೆ. ಮೈಗ್ರೇಶನ್ ಸರ್ಟಿಫಿಕೇಟಿಗೆ ಕೊಣಾಜೆಯ ಯೂನಿವರ್ಸಿಟಿಗೆ ಖುದ್ದು ಹೋಗ್ಬೇಕಾ, ತಮ್ಮನ ಕೈಲಿ ಪತ್ರ ಕೊಟ್ಟು ಕಳಿಸಿದ್ರೆ ಆಗ್ತದಾ? ಇತ್ತೀಚೆಗೆ ತೆಗೆಸಿದವ್ರು ಯಾರಾದ್ರೂ ಇದ್ರೆ ತಿಳಿಸಿ.